ವಿ.ಪಿ. ಪಾರ್ಸಲ್‌ನಿಂದ ಆನ್‌ಲೈನ್ ಅಂಗಡಿಗೆ: ಸಣ್ಣ ವ್ಯಾಪಾರಿಯ ಲಾಭದ ಕಥೆ

ಚಿಕ್ಕಬಾಣಾವರದ ನಮ್ಮ ಗಲ್ಲಿಯಲ್ಲಿ ಒಬ್ಬ ಆಪಾ ಇದ್ದಾರೆ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಹೊಲಿದವರು. ಬೆನ್ನುನೋವು ಹೆಚ್ಚಾದಾಗ ಕೆಲಸ ಬಿಟ್ಟು, ಕೈಗೆ ಬಂದ ಪಿ.ಎಫ್. ಹಣದಲ್ಲಿ ಒಂದು ಹೊಲಿಗೆ ಯಂತ್ರ ಕೊಂಡರು. ಮನೆಯಲ್ಲೇ ನೈಟಿ, ದಿಂಬಿನ ಕವರು, ಮಕ್ಕಳ ಫ್ರಾಕು ಹೊಲಿದು ಅಕ್ಕಪಕ್ಕದವರಿಗೆ ಮಾರುತ್ತಿದ್ದರು. ಅವರಿಗೆ ಆನ್‌ಲೈನ್‌ನಲ್ಲಿ ಮಾರುವ ಆಸೆ ಹುಟ್ಟಿಸಿದವರು ನಾವೇ. ಆಪಾ ಉರ್ದು ಓದಬಲ್ಲರು, ಕನ್ನಡ ಮಾತಾಡಬಲ್ಲರು. ಇಂಗ್ಲಿಷ್ ಅರ್ಜಿಯನ್ನು ನಾವು ತುಂಬಿಕೊಟ್ಟೆವು, ಫೋಟೋಗಳನ್ನು ಅವರ ಮಗಳು ತೆಗೆದಳು.

ಆರು ತಿಂಗಳು ಕಳೆದ ಮೇಲೆ ಒಂದು ಸಂಜೆ ಆಪಾ ಮಗಳ ಹಳೆಯ ನೋಟುಬುಕ್ಕು ಹಿಡಿದು ಬಂದರು. ಒಂದು ಕಡೆ ಆರ್ಡರು, ಇನ್ನೊಂದು ಕಡೆ ಬಂದ ಹಣ, ಎಲ್ಲವೂ ಉರ್ದುವಿನಲ್ಲಿ. ಹಬ್ಬದ ಸೀಸನ್ನಿಗೆ ಬಟ್ಟೆ ತುಂಬಿಸಲು ಮಹಿಳಾ ಸಂಘದಲ್ಲಿ ನಲವತ್ತು ಸಾವಿರ ಸಾಲ ಸಿಗುತ್ತದಂತೆ. “ತಗೊಳ್ಳಲೋ ಬೇಡವೋ? ಇದರಲ್ಲಿ ಫಾಯಿದೆ ಇದೆಯಾ ಇಲ್ಲವಾ, ನೀವೇ ನೋಡಿ ಹೇಳಿ ಭಾಯಿ” ಎಂದರು.

ಅರ್ಜಿ ತುಂಬುವಾಗ ನಮಗಿದ್ದ ಉತ್ಸಾಹ ಉತ್ತರ ಹೇಳುವಾಗ ಇರಲಿಲ್ಲ. ಆಪಾ ಕೇಳಿದ ಪ್ರಶ್ನೆ ಹೊಸದಲ್ಲ, ದೂರದ ಗಿರಾಕಿಗೆ ಸಾಮಾನು ಕಳಿಸಿದ ಎಲ್ಲ ಸಣ್ಣ ವ್ಯಾಪಾರಿಗಳೂ ಕೇಳಿಕೊಂಡು ಬಂದದ್ದು. ಆದ್ದರಿಂದ ಸ್ವಲ್ಪ ಹಿಂದಿನಿಂದಲೇ ಆರಂಭಿಸಬೇಕಾಗಿದೆ.

ಅಂಚೆಯವನ ಕೈಯಲ್ಲಿ ಅಂಗಡಿ

ನಮ್ಮ ದೇಶದ ಅಂಚೆ ಇಲಾಖೆ 1877ರಲ್ಲಿ ವಿ.ಪಿ.ಪಿ. ಎಂಬ ವ್ಯವಸ್ಥೆಯನ್ನು ತಂದಿತು. ಮೂರು ವರ್ಷಗಳ ನಂತರ, 1880ರಲ್ಲಿ, ಮನಿಯಾರ್ಡರ್ ಬಂತು. ಈ ಎರಡೂ ಕೂಡಿ ಮಾಡಿದ ಕೆಲಸ ಸಣ್ಣದಲ್ಲ. ವ್ಯಾಪಾರಿ ಪಾರ್ಸಲ್ ಕಟ್ಟಿ, ಅದರ ಬೆಲೆ ಬರೆದು ಅಂಚೆ ಕಚೇರಿಗೆ ಕೊಡುತ್ತಿದ್ದ. ಅಂಚೆಯವನು ಗಿರಾಕಿಯ ಬಾಗಿಲಲ್ಲಿ ಹಣ ಪಡೆದು ಪಾರ್ಸಲ್ ಕೊಡುತ್ತಿದ್ದ. ಆ ಹಣ ಅಂಚೆಯ ಮೂಲಕವೇ ವ್ಯಾಪಾರಿಗೆ ತಲುಪುತ್ತಿತ್ತು. ಇಂದು ನಾವು ‘ಕ್ಯಾಶ್ ಆನ್ ಡೆಲಿವರಿ’ ಎನ್ನುವುದನ್ನು ನಮ್ಮ ಅಜ್ಜಂದಿರು ‘ವಿ.ಪಿ.’ ಎಂದು ಕರೆಯುತ್ತಿದ್ದರು.

ಈ ಒಂದು ಅನುಕೂಲದಿಂದ ಪುಸ್ತಕ, ಗಡಿಯಾರ, ಔಷಧಿ, ಅತ್ತರು ಊರಿನಿಂದೂರಿಗೆ ಹೋದವು. ಉರ್ದು, ಕನ್ನಡ ಪತ್ರಿಕೆಗಳ ಕೊನೆಯ ಪುಟಗಳಲ್ಲಿ ‘ವಿ.ಪಿ. ಮೂಲಕ ಕಳುಹಿಸಲಾಗುವುದು’ ಎಂಬ ಸಾಲನ್ನು ಬಹಳ ಕಾಲ ಕಾಣಬಹುದಿತ್ತು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದು ಕನ್ನಡಿಗರೆಲ್ಲ ಬಲ್ಲ ಮಾತು. ಅಷ್ಟು ನಡೆಯಲಾರದ ಸಣ್ಣ ಪ್ರಕಾಶಕನಿಗೆ ಅಂಚೆಯವನ ಕಾಲೇ ಕಾಲಾಯಿತು.

ಈ ವ್ಯವಸ್ಥೆಗೂ ಕುಂದುಗಳಿದ್ದವು. ಗಿರಾಕಿ ಬಾಗಿಲಲ್ಲಿ ‘ಬೇಡ’ ಎಂದುಬಿಟ್ಟರೆ ಪಾರ್ಸಲ್ ವಾಪಸು ಬರುತ್ತಿತ್ತು, ಅಂಚೆ ಖರ್ಚು ವ್ಯಾಪಾರಿಯ ತಲೆಗೆ. ಇನ್ನೊಂದು ಕಡೆ, ಹಣ ಕೊಡುವವರೆಗೆ ಗಿರಾಕಿ ಪಾರ್ಸಲ್ ಬಿಚ್ಚುವಂತಿರಲಿಲ್ಲ. ಬಿಚ್ಚಿದ ಮೇಲೆ ಒಳಗೆ ಕಸವಿದ್ದರೆ ಅದು ಅವನ ಹಣೆಬರಹ. ಆದರೆ ಎರಡು ವಿಷಯಗಳನ್ನು ನಾವು ಗಮನಿಸಬೇಕು. ಗಿರಾಕಿಯ ಹೆಸರು, ವಿಳಾಸ ವ್ಯಾಪಾರಿಯ ಪುಸ್ತಕದಲ್ಲೇ ಇರುತ್ತಿತ್ತು, ಮುಂದಿನ ವರ್ಷ ಅದೇ ವಿಳಾಸಕ್ಕೆ ಹೊಸ ಪಟ್ಟಿ ಕಳಿಸಬಹುದಾಗಿತ್ತು. ಎರಡನೆಯದಾಗಿ, ಅಂಚೆ ಇಲಾಖೆ ತಾನೇ ಗಡಿಯಾರದ ಅಂಗಡಿ ತೆರೆದು ಗಡಿಯಾರದ ವ್ಯಾಪಾರಿಗೆ ಪೈಪೋಟಿ ಕೊಡಲಿಲ್ಲ. ಅದು ದಾರಿಯ ಬಾಡಿಗೆ ಪಡೆಯಿತು, ವ್ಯಾಪಾರವನ್ನು ವ್ಯಾಪಾರಿಗೇ ಬಿಟ್ಟಿತು.

ಬೆಂಗಳೂರಿನ ಹೊಸ ಬಜಾರು

ಕಂಪ್ಯೂಟರಿನ ಮೂಲಕ ಮಾರುವ ಪ್ರಯತ್ನಗಳು ನಮ್ಮ ದೇಶದಲ್ಲಿ ಆರಂಭವಾದ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. 1999ರಲ್ಲಿ ಇಲ್ಲಿ ಫ್ಯಾಬ್‌ಮಾರ್ಟ್ ಆರಂಭವಾಯಿತು. ಆಗ ಮನೆಮನೆಗೆ ಇಂಟರ್‌ನೆಟ್ ಇರಲಿಲ್ಲ, ಕಾರ್ಡಿನಿಂದ ಹಣ ಕಟ್ಟುವ ಧೈರ್ಯವೂ ಜನರಿಗಿರಲಿಲ್ಲ. ಮುಂದೆ ಇಂಡಿಯಾಪ್ಲಾಜಾ ಎಂಬ ಹೆಸರು ಪಡೆದ ಆ ಸಂಸ್ಥೆ 2013ರಲ್ಲಿ ನಿಂತುಹೋಯಿತು. 2000ದಲ್ಲಿ ಹುಟ್ಟಿದ ಬಾಜೀ ಡಾಟ್ ಕಾಮ್ ಯಾರು ಬೇಕಾದರೂ ತಮ್ಮ ವಸ್ತುವನ್ನು ಹರಾಜಿಗಿಡಬಹುದಾದ ತಾಣವಾಗಿತ್ತು. 2004ರಲ್ಲಿ ಅದನ್ನು ಅಮೆರಿಕದ ಈಬೇ ಕೊಂಡಿತು. ಈಬೇಯ ಭಾರತದ ತಾಣವೂ 2018ರಲ್ಲಿ ಮುಚ್ಚಿತು. ಸಣ್ಣ ವ್ಯಾಪಾರಿಗಳು ಕಷ್ಟಪಟ್ಟು ಕೂಡಿಸಿಕೊಂಡಿದ್ದ ಗಿರಾಕಿಗಳ ಮೆಚ್ಚುಗೆಯ ಮಾತುಗಳೂ ಅಂಕಗಳೂ ತಾಣದೊಂದಿಗೇ ಹೋದವು. ಬಾಡಿಗೆ ಅಂಗಡಿ ಖಾಲಿ ಮಾಡಿದರೂ ‘ಎದುರಿನ ಬೀದಿಗೆ ಹೋಗಿದ್ದೇವೆ’ ಎಂದು ಬಾಗಿಲಿಗೆ ಚೀಟಿ ಅಂಟಿಸಬಹುದು. ಇಲ್ಲಿ ಚೀಟಿ ಅಂಟಿಸಲು ಬಾಗಿಲೇ ಉಳಿಯುವುದಿಲ್ಲ.

2007ರ ಅಕ್ಟೋಬರಿನಲ್ಲಿ ಕೋರಮಂಗಲದಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಎಂಬ ಇಬ್ಬರು ಯುವಕರು ಪುಸ್ತಕ ಮಾರಲು ಫ್ಲಿಪ್‌ಕಾರ್ಟ್ ಆರಂಭಿಸಿದರು. 2010ರಲ್ಲಿ ಅವರು ಬಾಗಿಲಲ್ಲಿ ಹಣ ಪಡೆಯುವ ಪದ್ಧತಿ ತಂದಾಗ ವ್ಯಾಪಾರ ನೆಗೆಯಿತು. ಹೊಸದೆಂದು ಹೊಗಳಿಸಿಕೊಂಡ ಈ ಉಪಾಯದ ಬೇರು ಅಂಚೆ ಕಚೇರಿಯ ಹಳೆಯ ಮೇಜಿನಲ್ಲಿತ್ತು.

2013 ಸಣ್ಣ ವ್ಯಾಪಾರಿಯ ಮಟ್ಟಿಗೆ ದೊಡ್ಡ ವರ್ಷ. ಆ ವರ್ಷ ಫ್ಲಿಪ್‌ಕಾರ್ಟ್ ಇತರ ವ್ಯಾಪಾರಿಗಳಿಗೂ ತನ್ನ ತಾಣದಲ್ಲಿ ಜಾಗ ಕೊಡತೊಡಗಿತು, ಜೂನ್‌ನಲ್ಲಿ ಅಮೆಜಾನ್ ಭಾರತಕ್ಕೆ ಬಂತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ, ವಾಟ್ಸಾಪಿನಲ್ಲಿ ಪರಿಚಿತರಿಗೆ ಸೀರೆ, ಕುರ್ತಾ ತೋರಿಸಿ ಮಾರುವ ಗೃಹಿಣಿಯರನ್ನು ನೆಚ್ಚಿಕೊಂಡು ಬೆಳೆಯಿತು. 2021ರಲ್ಲಿ ಅದು ಮಾರಾಟಗಾರರಿಂದ ಕಮಿಷನ್ ಪಡೆಯುವುದಿಲ್ಲವೆಂದು ಸಾರಿತು. 2025ರ ಏಪ್ರಿಲ್‌ನಲ್ಲಿ ಅಮೆಜಾನ್ ಕೂಡ 300 ರೂಪಾಯಿಗಿಂತ ಕಡಿಮೆ ಬೆಲೆಯ ಅನೇಕ ವಸ್ತುಗಳ ಮೇಲಿನ ಕಮಿಷನ್ ತೆಗೆದುಹಾಕಿತು. ಕೇಳಲು ಹಿತವಾದ ಸುದ್ದಿ. ಆದರೆ ಕಮಿಷನ್ ಎಂಬುದು ಖರ್ಚಿನ ಒಂದು ಹೆಸರು ಮಾತ್ರ. ಸಾಗಣೆ, ಜಾಹೀರಾತು, ವಾಪಸಾತಿ, ಇವಕ್ಕೆ ಬೇರೆ ಬೇರೆ ಹೆಸರುಗಳಿವೆ.

ಬೀದಿಯ ಒಡೆಯನೇ ಅಂಗಡಿ ಹಾಕಿದರೆ?

ಅಂಚೆ ಇಲಾಖೆ ಮಾಡದಿದ್ದ ಕೆಲಸದ ಬಗ್ಗೆ ಹೊಸ ಬಜಾರಿನಲ್ಲಿ ದೊಡ್ಡ ಜಗಳವೇ ಆಯಿತು. ತಾಣದ ಒಡೆಯರಿಗೆ ಹತ್ತಿರವಾದ ಕೆಲವೇ ದೊಡ್ಡ ಮಾರಾಟಗಾರರಿಗೆ ಹೆಚ್ಚಿನ ವ್ಯಾಪಾರ ಸಿಗುತ್ತಿದೆಯೆಂದು ಸಣ್ಣವರು ದೂರಿದರು. ತಾಣವೊಂದರ ಮಾರಾಟದಲ್ಲಿ ಒಬ್ಬನೇ ಮಾರಾಟಗಾರನ ಪಾಲು ಶೇಕಡಾ 25ನ್ನು ಮೀರಬಾರದೆಂದು 2016ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ವಿದೇಶಿ ಬಂಡವಾಳದ ತಾಣಗಳಿಗೆ ನಿಯಮ ಮಾಡಿತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಫ್ಲಿಪ್‌ಕಾರ್ಟಿನ ಶೇಕಡಾ 77 ಪಾಲು ಕೊಂಡಿತು. ತಾಣವು ಬಂಡವಾಳ ಹೂಡಿರುವ ಸಂಸ್ಥೆ ಅದೇ ತಾಣದಲ್ಲಿ ಮಾರಬಾರದೆಂಬ ನಿಯಮ 2019ರ ಫೆಬ್ರವರಿಯಲ್ಲಿ ಜಾರಿಗೆ ಬಂತು.

ದಿಲ್ಲಿಯ ವರ್ತಕರ ಸಂಘವೊಂದರ ದೂರಿನ ಮೇಲೆ 2020ರ ಜನವರಿಯಲ್ಲಿ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಬಂದವು, ತನಿಖೆಗೆ ತಡೆ ಸಿಕ್ಕಿತು. 2021ರ ಜೂನ್‌ನಲ್ಲಿ ಹೈಕೋರ್ಟು ಅವರ ಅರ್ಜಿಗಳನ್ನು ವಜಾ ಮಾಡಿತು, ಜುಲೈನಲ್ಲಿ ಮೇಲ್ಮನವಿಯೂ ಬಿದ್ದಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಮಧ್ಯೆ ಬರಲು ಒಪ್ಪಲಿಲ್ಲ. ಕೆಲವು ಮಾರಾಟಗಾರರಿಗೆ ಆದ್ಯತೆ ಸಿಕ್ಕಿದ್ದು ನಿಜವೆಂದು ತನಿಖೆಯಲ್ಲಿ ಕಂಡುಬಂದಿರುವುದಾಗಿ 2024ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಕಂಪನಿಗಳು ಆರೋಪಗಳನ್ನು ಅಲ್ಲಗಳೆಯುತ್ತಲೇ ಬಂದಿವೆ.

ಇದನ್ನು ಓದುವಾಗ ನಮಗೆ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡು ನೆನಪಾಗುತ್ತದೆ. ಅಲ್ಲಿನ ದಲ್ಲಾಳಿಗೂ ಕಮಿಷನ್ ಇದೆ. ಆದರೆ 1966ರ ಕಾಯಿದೆ ಅವನಿಗೆ ಲೈಸೆನ್ಸು, ತೂಕ, ಹರಾಜು ಎಂಬ ಕಟ್ಟುಗಳನ್ನು ಹಾಕಿತು, ರೈತನಿಂದ ಕಮಿಷನ್ ಹಿಡಿಯಬಾರದೆಂದೂ ನಿಯಮವಿದೆ. ನಿಯಮ ಮುರಿಯುವವರು ಅಲ್ಲಿಯೂ ಇದ್ದಾರೆ, ನಿಜ. ಆದರೂ ಮುರಿದಾಗ ‘ಇದು ತಪ್ಪು’ ಎಂದು ಬೊಟ್ಟು ಮಾಡಲು ಒಂದು ಕಾಗದವಿದೆ. ನಮ್ಮ ಆಪಾಗೆ ಇರುವುದು ಇಂಗ್ಲಿಷಿನ ಉದ್ದನೆಯ ಒಂದು ಕರಾರು. ಅದಕ್ಕೆ ‘ಒಪ್ಪಿದ್ದೇನೆ’ ಎಂದು ಒತ್ತಿದ ಬೆರಳು ನಮ್ಮದು.

ತೆರಿಗೆಯ ಬೇಲಿ

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಸಣ್ಣವರಿಗೆ ಇನ್ನೊಂದು ತೊಡಕಾಯಿತು. ಬೀದಿಯಲ್ಲಿ ಮಾರುವವನಿಗೆ ನಿಗದಿತ ವಹಿವಾಟಿನವರೆಗೆ ನೋಂದಣಿ ಬೇಕಿರಲಿಲ್ಲ. ಅದೇ ವಸ್ತುವನ್ನು ಆನ್‌ಲೈನ್‌ನಲ್ಲಿ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ ಈ ನಿಯಮ ಸಡಿಲವಾಯಿತು. ಈಗ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿವರೆಗಿನ ಸರಕಿನ ವಹಿವಾಟಿದ್ದವರು ಪ್ಯಾನ್ ಕೊಟ್ಟು ಒಂದು ಸಂಖ್ಯೆ ಪಡೆದು ಮಾರಬಹುದು. ಆಪಾ ಮಾರುತ್ತಿರುವುದೂ ಹೀಗೆಯೇ. ಆದರೆ ರಾಜ್ಯದ ಗಡಿ ದಾಟುವಂತಿಲ್ಲ. ಚಿಕ್ಕಬಾಣಾವರದ ನೈಟಿ ಬೀದರಿಗೆ ಹೋಗಬಹುದು, ಹತ್ತಿರದ ಹೊಸೂರಿಗೆ ಹೋಗುವಂತಿಲ್ಲ.

2025ರ ಜುಲೈನಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಕಂಡವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಸರಕಾರ ಹೇಳಿದ ಮೇಲೆ ಆತಂಕ ಇಳಿಯಿತು. ಆಪಾಗೆ ನೋಟಿಸು ಬಂದಿರಲಿಲ್ಲ, ಬರುವಷ್ಟು ವಹಿವಾಟೂ ಇರಲಿಲ್ಲ. ಆದರೂ ಗೋಡೆಯ ಮೇಲಿದ್ದ ಕ್ಯೂ.ಆರ್. ಚೀಟಿಯನ್ನು ವಾರಗಟ್ಟಲೆ ಒಳಗಿಟ್ಟಿದ್ದರು. ಲಾಭದ ಲೆಕ್ಕದಲ್ಲಿ ಹೆದರಿಕೆಗೂ ಒಂದು ಕಲಂ ಬೇಕು.

ನೋಟುಬುಕ್ಕಿನ ಲೆಕ್ಕ

ಈಗ ಆಪಾ ನೋಟುಬುಕ್ಕಿಗೆ ಬರೋಣ. ಸುಲಭವಾಗಲೆಂದು ಸುತ್ತಂಕಿಗಳನ್ನೇ ಹಿಡಿಯೋಣ. ಒಂದು ನೈಟಿಯ ಬೆಲೆ 300 ರೂಪಾಯಿ. ಬಟ್ಟೆ, ದಾರ, ಲೇಸು ಸೇರಿ 160, ಪ್ಯಾಕಿಂಗಿಗೆ 10. ಸಾಗಣೆ ಮುಂತಾದ ಕಡಿತಗಳು 70. ಉಳಿಯುವುದು 60, ಹೊಲಿದ ಕೂಲಿಯೂ ಇದರಲ್ಲೇ. ಹತ್ತು ನೈಟಿ ಹೋದವು, ಎರಡು ವಾಪಸು ಬಂದವು ಎನ್ನಿ. ನಿಂತ ಎಂಟರಿಂದ 480 ರೂಪಾಯಿ. ವಾಪಸು ಬಂದದ್ದಕ್ಕೆ ತಲಾ 120ರಂತೆ 240 ಕಡಿತ. ಬಂದ ಎರಡರಲ್ಲಿ ಒಂದನ್ನು ಯಾರೋ ಉಟ್ಟು ಕೊಳೆ ಮಾಡಿದ್ದರೆ ಅದರ 170 ಹೋಯಿತು. ಕೊನೆಗೆ ಉಳಿದದ್ದು 70 ರೂಪಾಯಿ. ಹತ್ತು ನೈಟಿ ಹೊಲಿದದ್ದಕ್ಕೆ ಎಪ್ಪತ್ತು ರೂಪಾಯಿ!

ಅವೇ ಹತ್ತನ್ನು ಗಲ್ಲಿಯಲ್ಲಿ 250ರಂತೆ ಮಾರಿದರೆ ತಲಾ 90 ಉಳಿಯುತ್ತದೆ, ಒಟ್ಟು 900. ಹಾಗಾದರೆ ಗಲ್ಲಿಯೇ ಮೇಲೆಂದು ಹೇಳಿಬಿಡಬಹುದೇ? ಅದೂ ಪೂರ್ಣ ಸತ್ಯವಲ್ಲ. ಗಲ್ಲಿಯಲ್ಲಿ ಹತ್ತು ನೈಟಿ ಹೋಗಲು ಒಂದು ತಿಂಗಳು ಬೇಕು. ಅದರಲ್ಲಿ ಮೂವರು ಉದ್ದರಿ ಹೇಳುತ್ತಾರೆ, ಕೇಳಿದರೆ ಮುಖ ತಿರುಗಿಸುತ್ತಾರೆ. ಮೊಬೈಲಿನಲ್ಲಿ ಎರಡೇ ದಿನಕ್ಕೆ ಹತ್ತು ಆರ್ಡರು ಬಂದದ್ದೂ ಇದೆ. ಎಂದೂ ಕಾಣದ ರಾಯಚೂರಿನ ಹೆಣ್ಣುಮಗಳೊಬ್ಬಳು ‘ಹೊಲಿಗೆ ಚೆನ್ನಾಗಿದೆ’ ಎಂದು ಬರೆದದ್ದನ್ನು ಆಪಾ ನಮಗೆ ಮೂರು ಸಲ ಓದಿಸಿದ್ದರು. ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಹೊಲಿದರೂ ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲವಂತೆ.

ಲೆಕ್ಕವನ್ನು ಮತ್ತೆ ನೋಡಿದಾಗ ಒಂದು ಮಾತು ಸ್ಪಷ್ಟವಾಯಿತು. ಆಪಾರನ್ನು ಮುಳುಗಿಸುತ್ತಿರುವುದು ಕಡಿತಗಳಿಗಿಂತ ಹೆಚ್ಚಾಗಿ ವಾಪಸಾತಿ. ಮೋಸದ ಪಾರ್ಸಲಿನಿಂದ ಗಿರಾಕಿಯನ್ನು ಕಾಪಾಡುವುದು ಒಳ್ಳೆಯ ಬದಲಾವಣೆಯೇ. ಆದರೆ ವಿ.ಪಿ. ಕಾಲದಲ್ಲಿ ಇಬ್ಬರೂ ಹಂಚಿಕೊಂಡಿದ್ದ ಭಾರ ಈಗ ಪೂರ್ತಿಯಾಗಿ ಮಾರುವವರ ಹೆಗಲಿಗೆ ಬಂದಿದೆ. ದೊಡ್ಡ ವ್ಯಾಪಾರಿ ಸಾವಿರ ಪಾರ್ಸಲ್‌ಗಳಲ್ಲಿ ಅದನ್ನು ಹಂಚಿ ಮರೆಯುತ್ತಾನೆ. ಹತ್ತು ಪಾರ್ಸಲ್ ಕಳಿಸುವವರಿಗೆ ಎರಡರ ವಾಪಸು ಒಂದು ವಾರದ ಕೂಲಿ.

ಕೇಳಬೇಕಾದ ಮೂರು ಪ್ರಶ್ನೆ

ಇತಿಹಾಸದಿಂದ ನಾವು ತಿಳಿದದ್ದು ಇಷ್ಟು. ‘ಆನ್‌ಲೈನ್‌ನಲ್ಲಿ ಲಾಭವಿದೆಯೇ’ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ವಾಪಸು ಬರುವ ದಾರಿಯ ಖರ್ಚು ಯಾರದು? ಗಿರಾಕಿಯ ಹೆಸರು ಯಾರ ಪುಸ್ತಕದಲ್ಲಿದೆ? ಬೀದಿಯ ಒಡೆಯ ಬರೀ ಬಾಡಿಗೆ ಪಡೆಯುತ್ತಾನೋ, ಪಕ್ಕದಲ್ಲಿ ತಾನೂ ಅಂಗಡಿ ಹಾಕುತ್ತಾನೋ? ಮೂರಕ್ಕೂ ಉತ್ತರ ವಿರುದ್ಧವಾಗಿದ್ದರೆ ಅಲ್ಲಿ ಸಣ್ಣವನಿಗೆ ಸಿಗುವುದು ಗಿರಾಕಿಯೇ ಹೊರತು ಲಾಭವಲ್ಲ. ಒಂದೇ ಕಂಪನಿಯ ಹಿಡಿತವಿಲ್ಲದ ಬಜಾರು ಬೇಕೆಂದು ಕೇಂದ್ರ ಸರಕಾರ 2021ರ ಕೊನೆಯಲ್ಲಿ ಒ.ಎನ್.ಡಿ.ಸಿ. ಸ್ಥಾಪಿಸಿತು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲೇ ಜನರ ಬಳಕೆಗೆ ಪ್ರಯೋಗವಾಗಿ ಬಿಟ್ಟಿತು. ಇಂತಹ ಬಜಾರೊಂದು ಬೇಕೆಂದು ಸರಕಾರಕ್ಕೇ ಅನಿಸಿದ್ದು ಈ ಮೂರು ಪ್ರಶ್ನೆಗಳು ಬರೀ ನಮ್ಮ ಗಲ್ಲಿಯವಲ್ಲ ಎಂಬುದಕ್ಕೆ ಸಾಕ್ಷಿ.

ಆಪಾಗೆ ನಾವು ಸಾಲ ಬೇಡವೆಂದೆವು, ಮಾರುವುದನ್ನು ಬಿಡಿ ಎನ್ನಲಿಲ್ಲ. ಅಳತೆಯ ತಕರಾರಿನಿಂದ ವಾಪಸು ಬರುವ ನೈಟಿ, ಫ್ರಾಕುಗಳನ್ನು ಈಗ ಗಲ್ಲಿಗೂ ಕಾರ್ಖಾನೆಯ ಹಳೆಯ ಗೆಳತಿಯರ ವಾಟ್ಸಾಪ್ ಗುಂಪಿಗೂ ಇಟ್ಟಿದ್ದಾರೆ. ಅಳತೆಯ ಗೊಡವೆಯಿಲ್ಲದ ದಿಂಬಿನ ಕವರುಗಳನ್ನಷ್ಟೇ ಆನ್‌ಲೈನ್‌ಗೆ ಕಳಿಸುತ್ತಾರೆ, ವಾಪಸು ಕಡಿಮೆಯಾಗಿದೆ. ಅವರು ದೊಡ್ಡ ವ್ಯಾಪಾರಿಯಾಗಲಿಲ್ಲ, ಸಾಲಗಾರರೂ ಆಗಲಿಲ್ಲ.

ಮೊನ್ನೆ ನೋಟುಬುಕ್ಕಿನ ಕೊನೆಯ ಪುಟ ತೋರಿಸಿದರು. ಅಲ್ಲಿ ಉರ್ದುವಿನಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು, ಎದುರಿಗೆ ಫೋನ್ ನಂಬರುಗಳು. “ಇವರೆಲ್ಲ ನನ್ನ ಸ್ವಂತ ಗಿರಾಕಿಗಳು ಭಾಯಿ” ಎಂದರು. ಆ ಪುಟವನ್ನು ಅವರು ಹರಿಯದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದಾರೆ.