ಮಿತವ್ಯಯದಲ್ಲಿ ವೇಗ: ವೆಬ್ ಹೋಸ್ಟಿಂಗ್ ಬೆಳೆದುಬಂದ ಬಗೆ

ಊರಿನ ಗ್ರಂಥಾಲಯವಾಗಲಿ, ಸಣ್ಣ ಪ್ರಕಾಶನ ಸಂಸ್ಥೆಯಾಗಲಿ, ಜೀವಮಾನವೆಲ್ಲ ಕಲೆಹಾಕಿದ ಸ್ಥಳೀಯ ಇತಿಹಾಸವನ್ನು ಲೋಕದ ಮುಂದಿರಿಸಬಯಸುವ ನಿವೃತ್ತ ಉಪಾಧ್ಯಾಯರಾಗಲಿ, ಜಾಲತಾಣವೊಂದನ್ನು ತೆರೆಯಲು ಮನಸ್ಸು ಮಾಡಿದೊಡನೆ ಎದುರಾಗುವ ಮೊದಲ ಪ್ರಶ್ನೆ ಹೋಸ್ಟಿಂಗಿನದು. ಅರ್ಥಾತ್, ಆ ಪುಟಗಳು ಯಾವ ಸರ್ವರಿನಲ್ಲಿ, ಯಾವ ಊರಿನಲ್ಲಿ, ಯಾವ ಬಾಡಿಗೆಗೆ ನೆಲಸಬೇಕೆಂಬುದು. ಕೈಯಲ್ಲಿರುವ ಹಣ ವರ್ಷಕ್ಕೆ ಕೆಲವು ಸಾವಿರ ರೂಪಾಯಿಗಳನ್ನು ಮೀರದು. ಓದುಗನಾದರೋ ತೆರೆಯಲು ತಡಮಾಡುವ ಪುಟಕ್ಕಾಗಿ ಕಾದು ಕುಳಿತಿರುವವನಲ್ಲ. ಈ ಎರಡು ನಿರ್ಬಂಧಗಳ ನಡುವೆ ಆಯ್ಕೆ ಮಾಡಹೊರಟವನಿಗೆ ಮಾರಾಟಗಾರರ ದರಪಟ್ಟಿಗಳು ಬೇಕಾದಷ್ಟು ದೊರೆಯುತ್ತವೆ. ವಿವೇಚನೆಗೆ ಬೇಕಾದ ಆಧಾರ ಮಾತ್ರ ದೊರೆಯುವುದಿಲ್ಲ. ಆ ಆಧಾರವನ್ನು ಈ ಕ್ಷೇತ್ರದ ಇತಿಹಾಸದಲ್ಲಿ ಹುಡುಕುವುದು ಯುಕ್ತವೆಂದು ನನ್ನ ಎಣಿಕೆ. ಏಕೆಂದರೆ ಕಳೆದ ಮೂರು ದಶಕಗಳಲ್ಲಿ ಹೊರಬಂದ ಒಂದೊಂದು ಉಪಾಯವೂ ಒಂದೊಂದು ನಿರ್ದಿಷ್ಟ ವಿಳಂಬಕ್ಕೆ ಪರಿಹಾರವಾಗಿ ಹುಟ್ಟಿದ್ದು. ತನ್ನ ತಾಣದ ವಿಳಂಬ ಯಾವ ಜಾತಿಯದೆಂದು ಅರಿತವನಿಗಷ್ಟೇ ಯಾವ ಉಪಾಯಕ್ಕೆ ಹಣ ತೆರಬೇಕು, ಯಾವುದಕ್ಕೆ ತೆರಬೇಕಾಗಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಸ್ವಂತ ಯಂತ್ರದ ಕಾಲ

ಜಿನೀವಾ ನಗರದ ಸಮೀಪದಲ್ಲಿರುವ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವೆಬ್ಬಿನ ಯೋಜನೆಯನ್ನು ಮುಂದಿಟ್ಟು, ಮರುವರ್ಷ ನೆಕ್ಸ್ಟ್ ಕಂಪನಿಯ ಒಂದು ಗಣಕಯಂತ್ರದಲ್ಲಿ ಪ್ರಥಮ ವೆಬ್ ಸರ್ವರನ್ನು ನಡೆಸಿದರು. ಆ ಯಂತ್ರವನ್ನು ಯಾರೂ ಆರಿಸಕೂಡದೆಂದು ಕೆಂಪು ಅಕ್ಷರಗಳಲ್ಲಿ ಬರೆದು ಅಂಟಿಸಿದ್ದ ಚೀಟಿ ಇಂದಿಗೂ ಪ್ರಸಿದ್ಧವಾಗಿದೆ. ಹೋಸ್ಟಿಂಗ್ ಎಂಬ ಸೇವೆಯ ಸಾರ ಸರ್ವಸ್ವವೂ, ಅಂದರೆ ಹಗಲಿರುಳು ಎಚ್ಚರವಾಗಿರುವ ಯಂತ್ರ ಮತ್ತು ಕಡಿಯದ ಸಂಪರ್ಕ, ಆ ಒಂದು ಎಚ್ಚರಿಕೆಯಲ್ಲಿಯೇ ಅಡಗಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರವನ್ನು ಸರ್ವರಿಗೂ ಮುಕ್ತವೆಂದು ಸಾರಿದರೂ, ಸ್ವಂತ ಸರ್ವರನ್ನೂ ಸದಾ ತೆರೆದಿರುವ ತಂತಿಯನ್ನೂ ಹೊಂದುವ ಶಕ್ತಿ ಇದ್ದದ್ದು ವಿಶ್ವವಿದ್ಯಾಲಯಗಳಿಗೆ ಮತ್ತು ದೊಡ್ಡ ಸಂಸ್ಥೆಗಳಿಗೆ ಮಾತ್ರ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದೇ 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ, ಕೆಲವೇ ನಗರಗಳಲ್ಲಿ. ಅದಾದ ಮರುವರ್ಷವೇ ವಿಶ್ವಕನ್ನಡ ಜಾಲಪತ್ರಿಕೆ ತಲೆಯೆತ್ತಿತೆಂಬುದು ಕನ್ನಡಿಗರ ಉತ್ಸಾಹಕ್ಕೆ ಸಾಕ್ಷಿ.

ಬಡವನಿಗೆ ಮೊದಲು ಸ್ಥಳ ಕೊಟ್ಟದ್ದು ಧರ್ಮಾರ್ಥದ ತಾಣಗಳು. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಜಿಯೋಸಿಟೀಸ್ ಸಂಸ್ಥೆ ಲಕ್ಷಾಂತರ ಜನರಿಗೆ ಹಣವಿಲ್ಲದೆ ಪುಟಗಳನ್ನು ಒದಗಿಸಿತು. 1999ರಲ್ಲಿ ಯಾಹೂ ಅದನ್ನು ಕೊಂಡಿತು. 2009ರಲ್ಲಿ ಅಮೆರಿಕದ ಆ ಸೇವೆಯನ್ನು ಮುಚ್ಚಿಯೂ ಬಿಟ್ಟಿತು. ಒಂದು ತಲೆಮಾರಿನ ಬರವಣಿಗೆಯಲ್ಲಿ ಉತ್ಸಾಹಿಗಳು ನಕಲು ಮಾಡಿಟ್ಟುಕೊಂಡಷ್ಟು ಭಾಗ ಮಾತ್ರ ಉಳಿಯಿತು. ಪುಕ್ಕಟೆ ಸ್ಥಳವನ್ನು ಬಳಸಬಾರದೆಂಬುದು ಇದರ ತಾತ್ಪರ್ಯವಲ್ಲ. ಡೊಮೇನ್ ಹೆಸರು ತನ್ನದಾಗಿರಬೇಕು, ಪುಟಗಳ ಪೂರ್ಣ ಪ್ರತಿ ತನ್ನ ಬಳಿ ಇರಬೇಕು ಎಂಬುದಷ್ಟೇ ಇದರಿಂದ ಕಲಿಯತಕ್ಕ ನೀತಿ.

ವಠಾರದ ವ್ಯವಸ್ಥೆ

ಅಗ್ಗದ ಹೋಸ್ಟಿಂಗಿಗೆ ನಿಜವಾದ ತಳಹದಿ ಬಿದ್ದದ್ದು 1997ರಲ್ಲಿ, ಎಚ್‌ಟಿಟಿಪಿ 1.1 ಎಂಬ ನಿಯಮಾವಳಿ ಪ್ರಕಟವಾದಾಗ. ಅದಕ್ಕೆ ಮುಂಚೆ ಬ್ರೌಸರು ಸರ್ವರಿನ ಬಾಗಿಲು ತಟ್ಟುವಾಗ ತಾನು ಯಾವ ತಾಣವನ್ನು ಅರಸಿ ಬಂದೆನೆಂದು ಹೇಳುವ ಕಡ್ಡಾಯವಿರಲಿಲ್ಲವಾದ್ದರಿಂದ, ಪ್ರತಿಯೊಂದು ತಾಣಕ್ಕೂ ಪ್ರತ್ಯೇಕವಾದ ಐಪಿ ವಿಳಾಸ ಬೇಕಾಗುತ್ತಿತ್ತು. ಹೊಸ ನಿಯಮವು ತಾಣದ ಹೆಸರನ್ನು ಪ್ರತಿಯೊಂದು ಕೋರಿಕೆಯಲ್ಲಿಯೂ ನಮೂದಿಸಬೇಕೆಂದು ವಿಧಿಸಿದ ಮೇಲೆ ಒಂದೇ ಯಂತ್ರ, ಒಂದೇ ವಿಳಾಸ, ನೂರಾರು ತಾಣ ಎಂಬ ಸ್ಥಿತಿ ಸಾಧ್ಯವಾಯಿತು. ಲಿನಕ್ಸ್, ಅಪಾಚೆ, ಮೈಎಸ್‌ಕ್ಯೂಎಲ್, ಪಿಎಚ್‌ಪಿ ಎಂಬ ನಾಲ್ಕು ತಂತ್ರಾಂಶಗಳು, ಹಣ ಕೊಡದೆ ಬಳಸಬಹುದಾದವು, ಆ ವೇಳೆಗೆ ಸಿದ್ಧವಾಗಿದ್ದವು. 1996ರಲ್ಲಿ ಬಂದ ಸಿಪ್ಯಾನೆಲ್ ತಂತ್ರಜ್ಞನಲ್ಲದವನ ಕೈಗೂ ಆಡಳಿತವನ್ನು ಕೊಟ್ಟಿತು. ಹೀಗೆ ಶೇರ್ಡ್ ಹೋಸ್ಟಿಂಗ್ ಬೆಳೆಯಿತು.

ಇದು ವಠಾರದ ಬಾಳಿನಂತಹ ಏರ್ಪಾಟು. ಬಾಡಿಗೆ ಕಡಿಮೆ, ಆದರೆ ನಲ್ಲಿ ಒಂದೇ, ಬೆಳಗಿನ ಹೊತ್ತಿನಲ್ಲಿ ಎಲ್ಲರಿಗೂ ನೀರು ಬೇಕು. ನೆರೆಯ ತಾಣವೊಂದಕ್ಕೆ ಅಕಸ್ಮಾತ್ತಾಗಿ ಸಾವಿರಾರು ಓದುಗರು ಬಂದರೆ ನಮ್ಮ ಪುಟವೂ ನಿಧಾನವಾಗುತ್ತದೆ; ಮಾಲೀಕನು ಯಂತ್ರದ ಶಕ್ತಿಗೆ ಮೀರಿ ಬಾಡಿಗೆದಾರರನ್ನು ತುಂಬಿದ್ದರೆ ಆ ಕಷ್ಟ ನಿತ್ಯವಾಗುತ್ತದೆ. ಈಚಿನ ವರ್ಷಗಳಲ್ಲಿ ಒಂದೊಂದು ಖಾತೆಗೂ ಪ್ರೊಸೆಸರಿನ ಪಾಲು, ಮೆಮೊರಿಯ ಪಾಲು, ಏಕಕಾಲದಲ್ಲಿ ನಡೆಯಬಹುದಾದ ಕೋರಿಕೆಗಳ ಸಂಖ್ಯೆ ಇವನ್ನು ಗೊತ್ತುಪಡಿಸುವ ಕ್ಲೌಡ್‌ಲಿನಕ್ಸಿನಂತಹ ತಂತ್ರಾಂಶಗಳು ಬಂದು ನೆರೆಯ ಹಾವಳಿ ತಗ್ಗಿದೆ. ಆದಕಾರಣ, ದರಪಟ್ಟಿಯ ಮೇಲ್ಭಾಗದಲ್ಲಿ ದಪ್ಪಕ್ಷರಗಳಲ್ಲಿರುವ ‘ಅನ್‌ಲಿಮಿಟೆಡ್’ ಎಂಬ ಮಾತಿಗೆ ಗಮನ ಕೊಡದೆ, ಕೆಳಗೆ ಸಣ್ಣಕ್ಷರಗಳಲ್ಲಿರುವ ಈ ಪಾಲುಗಳನ್ನೂ ಕಡತಗಳ ಒಟ್ಟು ಸಂಖ್ಯೆಯ ಮಿತಿಯನ್ನೂ ಓದತಕ್ಕದ್ದು. ವೇಗವನ್ನು ನಿರ್ಧರಿಸುವುದು ಡಿಸ್ಕಿನ ವಿಸ್ತಾರವಲ್ಲ, ಈ ಪಾಲುಗಳು. ಡಿಸ್ಕಿನ ವಿಷಯದಲ್ಲಿ ಕೇಳಬೇಕಾದದ್ದು ಅದರ ಜಾತಿಯನ್ನು: ತಿರುಗುವ ಹಳೆಯ ಹಾರ್ಡ್‌ಡಿಸ್ಕು ಚದುರಿರುವ ಮಾಹಿತಿಯನ್ನು ಸೆಕೆಂಡಿಗೆ ನೂರು ಬಾರಿಯ ಆಸುಪಾಸಿನಲ್ಲಿ ಓದಬಲ್ಲುದಾದರೆ, ಎಸ್‌ಎಸ್‌ಡಿ ಅದನ್ನು ಸಾವಿರಾರು ಬಾರಿ ಓದುತ್ತದೆ.

ಮರುಕೆಲಸವನ್ನು ತಪ್ಪಿಸುವ ವಿದ್ಯೆ

2003ರಲ್ಲಿ ವರ್ಡ್‌ಪ್ರೆಸ್ ಬಂದಿತು. ಪುಟಗಳನ್ನು ಬರೆದು ಪ್ರಕಟಿಸುವುದು ಎಲ್ಲರಿಗೂ ಸುಲಭವಾಯಿತು. ಆದರೆ ಅದರ ಸ್ವಭಾವದಲ್ಲಿಯೇ ಒಂದು ವಿಳಂಬದ ಬೀಜವಿದೆ. ನೂರು ಜನ ಒಂದೇ ಲೇಖನವನ್ನು ಓದಬಂದರೆ, ಸರ್ವರು ಡೇಟಾಬೇಸನ್ನು ವಿಚಾರಿಸಿ, ಶಿರೋನಾಮೆ, ಪಠ್ಯ, ಪಕ್ಕದ ಪಟ್ಟಿಗಳನ್ನು ಜೋಡಿಸಿ, ಅದೇ ಪುಟವನ್ನು ನೂರು ಸಲ ಹೊಸದಾಗಿ ಕಟ್ಟುತ್ತದೆ. ಒಮ್ಮೆ ಕಟ್ಟಿದ್ದನ್ನು ಸಿದ್ಧಪ್ರತಿಯಾಗಿ ಇಟ್ಟುಕೊಂಡು ಉಳಿದ ತೊಂಬತ್ತೊಂಬತ್ತು ಮಂದಿಗೆ ಅದನ್ನೇ ಕೊಡುವುದು ಕ್ಯಾಶ್ ಎಂಬ ವಿದ್ಯೆ. 2003ರ ಮೆಮ್‌ಕ್ಯಾಶ್‌ಡಿ, ನಾರ್ವೆಯ ವೃತ್ತಪತ್ರಿಕೆಯೊಂದಕ್ಕಾಗಿ 2006ರಲ್ಲಿ ರಚಿತವಾದ ವಾರ್ನಿಶ್ ಮೊದಲಾದವು ಈ ದಿಸೆಯ ಸಾಧನೆಗಳು. ಇಂದು ಅದೇ ಪ್ರಯೋಜನ ವರ್ಡ್‌ಪ್ರೆಸ್ಸಿನ ಒಂದು ಉಚಿತ ಪ್ಲಗಿನ್ನಿನಿಂದ ದೊರೆಯುತ್ತದೆ.

ಸರ್ವರು ಏಕಕಾಲದಲ್ಲಿ ಹತ್ತು ಸಾವಿರ ಸಂಪರ್ಕಗಳನ್ನು ಹೇಗೆ ಹೊರಬೇಕೆಂಬ ಸಮಸ್ಯೆಯನ್ನು 1999ರಲ್ಲಿ ಡ್ಯಾನ್ ಕೆಗೆಲ್ ಎಂಬ ತಂತ್ರಜ್ಞರು ವಿಶದವಾಗಿ ನಿರೂಪಿಸಿದರು. ಒಂದೊಂದು ಸಂಪರ್ಕಕ್ಕೂ ಒಂದೊಂದು ಪ್ರೊಸೆಸ್ಸನ್ನು ಮೀಸಲಿಡುವ ಪದ್ಧತಿಯನ್ನು ಬಿಟ್ಟು, ಕೆಲವೇ ಪ್ರೊಸೆಸ್ಸುಗಳಿಂದ ಸಹಸ್ರಾರು ಸಂಪರ್ಕಗಳನ್ನು ನಿರ್ವಹಿಸುವ ಎಂಜಿನ್‌ಎಕ್ಸ್ ಸರ್ವರನ್ನು ರಷ್ಯದ ಇಗೋರ್ ಸಿಸೊಯೆವ್ ಅವರು 2004ರಲ್ಲಿ ಲೋಕಕ್ಕೆ ಬಿಡುಗಡೆ ಮಾಡಿದರು. 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7 ಹಿಂದಿನ ಆವೃತ್ತಿಗಿಂತ ಸರಿಸುಮಾರು ಇಮ್ಮಡಿ ವೇಗದ್ದು. ಕ್ಯಾಶ್, ಎಂಜಿನ್‌ಎಕ್ಸ್, ಹೊಸ ಪಿಎಚ್‌ಪಿ, ಈ ಮೂರು ಸುಧಾರಣೆಗಳೂ ಅದೇ ಯಂತ್ರದಿಂದ ಹೆಚ್ಚು ಕೆಲಸವನ್ನು ತೆಗೆದವೇ ವಿನಾ ಹೊಸ ಯಂತ್ರವನ್ನು ಬೇಡಲಿಲ್ಲವೆಂಬುದು ಮನನೀಯ.

ಒಂದು ಯಂತ್ರದಲ್ಲಿ ಹಲವು ಯಂತ್ರ

ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ 2003ರಲ್ಲಿ ಬಂದ ಝೆನ್, 2007ರಲ್ಲಿ ಲಿನಕ್ಸಿನ ಗರ್ಭದಲ್ಲಿಯೇ ಸೇರಿದ ಕೆವಿಎಂ, ಇವು ಒಂದು ಭೌತಿಕ ಯಂತ್ರವನ್ನು ಹಲವು ಸ್ವತಂತ್ರ ಯಂತ್ರಗಳಾಗಿ ವಿಭಾಗಿಸುವ ಸಾಮರ್ಥ್ಯವನ್ನು ತಂದುವು. 2006ರಲ್ಲಿ ಅಮೆಜಾನ್ ಇಂತಹ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿತು. 2011ರಲ್ಲಿ ಸ್ಥಾಪಿತವಾದ ಡಿಜಿಟಲ್ ಓಶನ್ ತಿಂಗಳಿಗೆ 5 ಡಾಲರಿಗೆ ಎಸ್‌ಎಸ್‌ಡಿ ಸಹಿತವಾದ ಸರ್ವರನ್ನು ಕೊಟ್ಟು, ವಿಪಿಎಸ್ ಎಂದು ಕರೆಯಲಾಗುವ ಇಂತಹ ವಿಭಾಗಿತ ಯಂತ್ರವನ್ನು ಸಾಮಾನ್ಯರ ಕೈಗೆಟುಕಿಸಿತು. ಇಲ್ಲಿ ನಮ್ಮ ಪಾಲು ನಮ್ಮದೇ. ಆದರೆ ತಂತ್ರಾಂಶವನ್ನು ಕಾಲಕಾಲಕ್ಕೆ ಅಪ್‌ಡೇಟ್ ಮಾಡುವುದು, ದಾಳಿಕೋರರಿಂದ ರಕ್ಷಿಸುವುದು, ಬ್ಯಾಕಪ್ ತೆಗೆಯುವುದು, ಎಲ್ಲವೂ ನಮ್ಮದೇ ಹೊಣೆ. ಈ ಕೆಲಸ ಬಲ್ಲವನಿಗೆ ಇದಕ್ಕಿಂತ ಲಾಭದ ಆಯ್ಕೆ ಇಲ್ಲ. ಅರಿಯದವನು ಅಗ್ಗವೆಂದು ಕೊಂಡರೆ ಕೆಟ್ಟುನಿಂತ ದಿನ ಅದರ ನಿಜವಾದ ಬೆಲೆ ತಿಳಿಯುತ್ತದೆ.

ದೂರವೆಂಬ ತಡೆ

ಇದುವರೆಗಿನದು ಯಂತ್ರದೊಳಗಿನ ವಿಳಂಬ. ಯಂತ್ರಕ್ಕೂ ಓದುಗನಿಗೂ ನಡುವಿನ ವಿಳಂಬ ಬೇರೆಯ ಬಗೆಯದು. ಅದಕ್ಕೆ ಪ್ರಕೃತಿಯೇ ಮಿತಿ ಹಾಕಿದೆ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ದೂರವೇ 13,000 ಕಿಲೋಮೀಟರಿಗೂ ಹೆಚ್ಚಾದ್ದರಿಂದ, ಹೋಗಿಬರಲು ಬೆಳಕಿಗೇ 130 ಮಿಲಿಸೆಕೆಂಡು ಬೇಕು. ಸಮುದ್ರದ ಕೇಬಲುಗಳ ಸುತ್ತುದಾರಿಯನ್ನು ಎಣಿಸಿದರೆ ವಾಸ್ತವದಲ್ಲಿ ಅದು 200ನ್ನು ದಾಟುತ್ತದೆ. ಶಿರಸಿಯ ಓದುಗನೊಬ್ಬ ಅಲ್ಲಿರುವ ತಾಣವನ್ನು ತೆರೆದನೆನ್ನೋಣ. ಸಂಪರ್ಕ ಏರ್ಪಡಲು ಒಂದು ಬಾರಿ ಹೋಗಿಬರಬೇಕು. ಗೂಢಲಿಪಿಯ ಒಪ್ಪಂದಕ್ಕೆ ಹಳೆಯ ಪದ್ಧತಿಯಲ್ಲಿ ಎರಡು ಬಾರಿ. ಪುಟವನ್ನು ಕೇಳಿ ಪಡೆಯಲು ಇನ್ನೊಂದು ಬಾರಿ. ಮೊದಲ ಅಕ್ಷರ ಕಾಣುವ ಮುನ್ನವೇ 800 ಮಿಲಿಸೆಕೆಂಡು ಕಳೆದುಹೋಯಿತು. ಸರ್ವರು ಎಷ್ಟೇ ಬಲಿಷ್ಠವಾಗಿರಲಿ, ಈ ಕಾಲದಲ್ಲಿ ಒಂದು ಕ್ಷಣವನ್ನೂ ಅದು ಉಳಿಸಲಾರದು. ಅದೇ ಸರ್ವರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಒಂದೊಂದು ಪಯಣ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. 2018ರಲ್ಲಿ ನಿಷ್ಪನ್ನವಾದ ಟಿಎಲ್‌ಎಸ್ 1.3 ಗೂಢಲಿಪಿಯ ಪಯಣಗಳಲ್ಲಿ ಒಂದನ್ನು ಕಳೆಯಿತು. 2022ರಲ್ಲಿ ಅಧಿಕೃತವಾದ ಎಚ್‌ಟಿಟಿಪಿ 3 ಸಂಪರ್ಕವನ್ನೂ ಗೂಢಲಿಪಿಯ ಒಪ್ಪಂದವನ್ನೂ ಒಂದುಗೂಡಿಸಿ ಇನ್ನೊಂದನ್ನು ಉಳಿಸಿತು.

ದೂರವನ್ನು ಗೆಲ್ಲಲು ಪ್ರತಿಗಳನ್ನು ಲೋಕದ ನಾನಾ ಕಡೆ ಮೊದಲೇ ಇಡುವ ಉಪಾಯವನ್ನು ಎಂಐಟಿಯ ಟಾಮ್ ಲೈಟನ್ ಮತ್ತು ಡ್ಯಾನಿಯಲ್ ಲೆವಿನ್ ರೂಪಿಸಿ, 1998ರಲ್ಲಿ ಅಕಮಾಯ್ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ಅದು ಧನಿಕ ಸಂಸ್ಥೆಗಳ ಭೋಗ್ಯವಾಗಿತ್ತು. 2010ರಲ್ಲಿ ಕ್ಲೌಡ್‌ಫ್ಲೇರ್ ಅದೇ ಬಗೆಯ ಸೇವೆಯನ್ನು ಸಣ್ಣ ತಾಣಗಳಿಗೆ ಉಚಿತವಾಗಿ ನೀಡಿತು. 2015ರ ಕೊನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಗೂಢಲಿಪಿಯ ಪ್ರಮಾಣಪತ್ರವನ್ನೂ ಉಚಿತಗೊಳಿಸಿತು. 2016ರಲ್ಲಿ ಅಮೆಜಾನ್ ಮುಂಬಯಿಗೂ ಡಿಜಿಟಲ್ ಓಶನ್ ಬೆಂಗಳೂರಿಗೂ ಬಂದವು. 2018ರಲ್ಲಿ ವಿಕಿಮೀಡಿಯ ಪ್ರತಿಷ್ಠಾನವು ಸಿಂಗಪುರದಲ್ಲಿ ತನ್ನ ಕ್ಯಾಶ್ ಕೇಂದ್ರವನ್ನು ತೆರೆದಾಗ ಕನ್ನಡ ವಿಕಿಪೀಡಿಯ ನಮ್ಮ ಓದುಗರಿಗೆ ಇನ್ನಷ್ಟು ಸಮೀಪವಾಯಿತು. ಪ್ರತಿಗಳನ್ನು ಹೀಗೆ ನಾನಾ ಕಡೆ ಇಡುವ, ಸಿಡಿಎನ್ ಎಂಬ ಸೇವೆಗಳು ಸಾಮಾನ್ಯವಾಗಿ ಚಿತ್ರ, ಫಾಂಟು ಮೊದಲಾದವನ್ನು ಮಾತ್ರ ತಾವಾಗಿ ಇಟ್ಟುಕೊಳ್ಳುತ್ತವೆ; ಲೇಖನದ ಪುಟವನ್ನೂ ಇಟ್ಟುಕೊಳ್ಳಬೇಕೆಂದು ನಾವು ಆದೇಶಿಸಬೇಕು. ಸೇವೆಯನ್ನು ಅಳವಡಿಸಿಯೂ ವೇಗ ಕಾಣಲಿಲ್ಲವೆಂದು ದೂರುವವರು ಹಲವು ವೇಳೆ ಈ ಒಂದು ಹೆಜ್ಜೆಯನ್ನು ಬಿಟ್ಟವರೇ.

ಸಿದ್ಧಪ್ರತಿಯ ತತ್ತ್ವದ ಪರಾಕಾಷ್ಠೆ ಸ್ಟ್ಯಾಟಿಕ್ ತಾಣ: ಡೇಟಾಬೇಸೇ ಇಲ್ಲ, ಎಲ್ಲ ಪುಟಗಳನ್ನೂ ಮೊದಲೇ ಕಟ್ಟಿ ಕಡತಗಳಾಗಿ ಇರಿಸಿದೆ. 2008ರಲ್ಲಿ ಆರಂಭವಾದ ಗಿಟ್‌ಹಬ್ ಪೇಜಸ್ ಇಂತಹ ತಾಣಗಳಿಗೆ ಹಣವಿಲ್ಲದೆ ಸ್ಥಳ ಕೊಡುತ್ತದೆ.

ಕನ್ನಡ ಪುಟದ ಭಾರ

2007ರಲ್ಲಿ ಸ್ಟೀವ್ ಸೌಡರ್ಸ್ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಂತೆ, ಓದುಗನು ಕಾಯುವ ಕಾಲದ ಬಹುಪಾಲು ಸರ್ವರಿನಲ್ಲಿ ಕಳೆಯುವುದಿಲ್ಲ. ಪುಟ ತನ್ನೊಡನೆ ಎಳೆದುತರುವ ಚಿತ್ರ, ಫಾಂಟು, ಸ್ಕ್ರಿಪ್ಟುಗಳಲ್ಲಿ ಕಳೆಯುತ್ತದೆ. ಕನ್ನಡಕ್ಕೆ ಇದರಲ್ಲಿ ವಿಶೇಷವೊಂದುಂಟು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು. ‘ಲಕ್ಷ್ಮಿ’ ಎಂಬಲ್ಲಿ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಒಳಗೆ ಇರುವುದು ಏಳು ಸಂಕೇತ, 21 ಬೈಟು. ಆದರೂ 1,500 ಪದಗಳ ಲೇಖನವೊಂದು 40 ಕಿಲೋಬೈಟಿನ ಆಸುಪಾಸಿನದು. ಸರ್ವರಿನಲ್ಲಿ ಜಿಜಿಪ್ ಸಂಕೋಚನವಿದ್ದರೆ ಅದೂ ಕಾಲುಭಾಗದ ಸನಿಹಕ್ಕೆ ಇಳಿಯುತ್ತದೆ. ಒತ್ತಕ್ಷರಗಳಿಂದಾಗಿ ಕನ್ನಡದ ಒಂದೊಂದು ಫಾಂಟು ನೂರು ಕಿಲೋಬೈಟನ್ನು ಮೀರುವುದುಂಟು. ಮೂರು ನಾಲ್ಕು ದಪ್ಪಗಳಲ್ಲಿ ಅದನ್ನು ತರಿಸುವವರು ಲೇಖನದ ಹತ್ತಾರು ಪಟ್ಟು ಭಾರವನ್ನು ಅಲಂಕಾರಕ್ಕೇ ಹೊರಿಸುತ್ತಾರೆ. ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವನ್ನು ಕುಗ್ಗಿಸದೆ ಏರಿಸಿದರೆ ಅದು ಹಲವು ಮೆಗಾಬೈಟು. ಇಡೀ ಪುಸ್ತಕದ ಪಠ್ಯಕ್ಕಿಂತ ಮಿಗಿಲು. ಇದನ್ನು ಸರಿಪಡಿಸಲು ಕಾಸು ಬೇಕಾಗಿಲ್ಲ, ಶ್ರದ್ಧೆ ಬೇಕು.

ಆಯ್ಕೆಯ ಕ್ರಮ

ಪುಟಗಳು ಎಲ್ಲ ಓದುಗರಿಗೂ ಒಂದೇ ಆಗಿದ್ದು, ಅಪರೂಪಕ್ಕೆ ಬದಲಾಗುವುವಾದರೆ, ಗ್ರಂಥಾಲಯ, ಇತಿಹಾಸ, ಪುಸ್ತಕಪಟ್ಟಿ ಇವಕ್ಕೆಲ್ಲ ಸ್ಟ್ಯಾಟಿಕ್ ತಾಣವೇ ಶ್ರೇಷ್ಠ. ಡೊಮೇನ್ ಹೆಸರಿನ ವಾರ್ಷಿಕ ಶುಲ್ಕವೊಂದೇ ವೆಚ್ಚ. ಹಲವರು ಸೇರಿ ಬರೆಯಬೇಕು, ವರ್ಡ್‌ಪ್ರೆಸ್ ಬೇಕು ಎನ್ನುವವರು ಭಾರತದಲ್ಲಿ ಡೇಟಾ ಸೆಂಟರ್ ಇರುವ, ಎಸ್‌ಎಸ್‌ಡಿಯನ್ನೂ ಹೊಸ ಪಿಎಚ್‌ಪಿಯನ್ನೂ ಕೊಡುವ ಶೇರ್ಡ್ ಹೋಸ್ಟಿಂಗನ್ನು ಹಿಡಿದು, ಕ್ಯಾಶ್ ಪ್ಲಗಿನ್ ಮತ್ತು ಉಚಿತ ಸಿಡಿಎನ್ ಸೇರಿಸಿದರೆ ಸಾಕು. ಓದುಗರು ವಿದೇಶಗಳಲ್ಲಿಯೂ ಹರಡಿಕೊಂಡಿರುವ ತಾಣಕ್ಕೆ ಸಿಡಿಎನ್ ಅನಿವಾರ್ಯ. ಅಂಗಡಿ, ಸದಸ್ಯರ ಲಾಗಿನ್ ಇತ್ಯಾದಿಗಳಿಂದ ಸಿದ್ಧಪ್ರತಿ ಸಾಧ್ಯವಾಗದ ಹಂತ ಬಂದು, ನೋಡಿಕೊಳ್ಳಬಲ್ಲವರೂ ದೊರೆತಾಗ ವಿಪಿಎಸ್ ಆಗಲಿ.

ಬೆಲೆಯಲ್ಲಿ ಮೊದಲ ವರ್ಷದ ರಿಯಾಯಿತಿಯನ್ನು ನೋಡದೆ ನವೀಕರಣದ ದರವನ್ನು ನೋಡತಕ್ಕದ್ದು. ಮೂರು ವರ್ಷಗಳ ಹಣವನ್ನು ಒಮ್ಮೆಗೇ ತೆರುವ ಮೊದಲು ಒಂದು ತಿಂಗಳ ಮಟ್ಟಿಗೆ ಕೊಂಡು, ಬೆಳಿಗ್ಗೆಯೂ ಸಂಜೆಯ ದಟ್ಟಣೆಯಲ್ಲಿಯೂ ಅಳೆಯತಕ್ಕದ್ದು. ಮೊದಲ ಬೈಟು 0.8 ಸೆಕೆಂಡಿನೊಳಗೆ, ಪುಟದ ಮುಖ್ಯಭಾಗ 2.5 ಸೆಕೆಂಡಿನೊಳಗೆ ಓದುಗನಿಗೆ ಮುಟ್ಟಬೇಕೆಂಬುದು ಗೂಗಲ್ ಸಂಸ್ಥೆ ಸೂಚಿಸಿರುವ ಮಾನದಂಡ. ಮೊದಲನೆಯದು ತಪ್ಪಿದರೆ ದೋಷ ಸರ್ವರಿನದೋ ದೂರದ್ದೋ. ಮೊದಲನೆಯದು ಸರಿಯಿದ್ದು ಎರಡನೆಯದು ತಪ್ಪಿದರೆ ದೋಷ ಸಾಮಾನ್ಯವಾಗಿ ಪುಟದ್ದು, ಹೋಸ್ಟನ್ನು ಬದಲಿಸಿ ಪ್ರಯೋಜನವಿಲ್ಲ.

ಈ ಕ್ಷೇತ್ರದಲ್ಲಿ ಒಂದು ಕಾಲಕ್ಕೆ ಧನಿಕರಿಗಷ್ಟೇ ಎಟುಕುತ್ತಿದ್ದ ಸಾಮೀಪ್ಯವೂ ಸಿದ್ಧಪ್ರತಿಯೂ ಇಂದು ಬಹುಮಟ್ಟಿಗೆ ಉಚಿತ. ಕೊಳ್ಳಬೇಕಾಗಿ ಉಳಿದಿರುವುದು ಯಂತ್ರಬಲವೊಂದೇ, ಮತ್ತು ಸಣ್ಣ ತಾಣಕ್ಕೆ ಕೊನೆಗೆ ಬೇಕಾಗುವುದು ಅದು. ಆದ್ದರಿಂದ ಪುಟದ ಭಾರವನ್ನಿಳಿಸಿ, ಸಿದ್ಧಪ್ರತಿಯ ಏರ್ಪಾಟು ಮಾಡಿ, ತಾಣವನ್ನು ಓದುಗರ ಸಮೀಪಕ್ಕೆ ತಂದು, ಇಷ್ಟಾದ ಮೇಲೂ ಸಾಲದೆಂದು ಅಳತೆಯಿಂದ ತಿಳಿದುಬಂದಾಗ ಮಾತ್ರ ಹೆಚ್ಚಿನ ಬಾಡಿಗೆಗೆ ಕೈಹಾಕುವುದು ಲೇಸು. ಈ ಕ್ರಮವನ್ನು ತಿರುವುಮುರುವು ಮಾಡಿ, ಮೊದಲೇ ದುಬಾರಿ ಸರ್ವರನ್ನು ಹಿಡಿಯುವ ಸಂಸ್ಥೆಯು ಪುಸ್ತಕಗಳಿಗೂ ಬರಹಗಾರರಿಗೂ ಸಲ್ಲಬೇಕಾದ ಹಣವನ್ನು ಅಲ್ಲಿ ಚೆಲ್ಲಿದಂತಾಗುತ್ತದೆ.