ಬಾಕಿಮಾರಿಂಗೆ ಬಪ್ಪ ಬಲೀಂದ್ರ

ಕಳುದ ದೀಪಾವಳಿಗೆ ಎಂಗಳ ಮನೆ ತುಂಬ ಜೆನ. ಮಗಳು, ಅಳಿಯ, ಮಗ, ಸೊಸೆ, ಮೈದುನನ ಮನೆಯವು, ಪುಳ್ಳಿಯಕ್ಕೊ ಎಲ್ಲ ಸೇರಿ 22 ಬಾಳೆಲೆ ಬಿದ್ದಿದು. ಅದರಲ್ಲಿ ಸಣ್ಣ ಮಕ್ಕಳೇ ಏಳು. ಹೊತ್ತೋಪಗ ಜಾಲಿಲ್ಲಿ ಬಲೀಂದ್ರನ ನೆಟ್ಟು ಹೂಗು ಕಟ್ಟಿಗೊಂಡಿಪ್ಪಗ ಏಳು ವರ್ಷದ ಪುಳ್ಳಿ ಕೇಳಿತ್ತು, "ಅಜ್ಜೀ, ಬಲೀಂದ್ರ ಬಪ್ಪದು ಮನೆಗಲ್ಲದೋ? ಮತ್ತೆಂತಕೆ ನಾವು ಗೆದ್ದೆಗೆ ಹೋಪದು? ಆ ಗೆದ್ದೆ ನಮ್ಮದೋ?" ಒಲೆಲಿ ಎಣ್ಣೆ ಕಾಯ್ತಾ ಇದ್ದು ಹೇಳಿ ಆನು ಒಳ ಜಾರಿದೆ. ಉತ್ತರ ಗೊಂತಿಲ್ಲದ್ದೆ ಅಲ್ಲ, ಉತ್ತರ ಉದ್ದ ಇದ್ದು. ಮಗುವಿಂಗೆ ಅಂಬಗ ಹೇಳ್ಲೆ ಎಡಿಯದ್ದದರ ಇಲ್ಲಿ ನಿಂಗೊಗೆ ಹೇಳ್ತೆ.

ಬಲಿಯ ಕತೆ ಎಲ್ಲೋರಿಂಗೂ ಗೊಂತಿಪ್ಪದೇ. ವಾಮನ ಮೂರು ಹೆಜ್ಜೆ ಜಾಗೆ ಬೇಡಿದ್ದು, ಮೂರನೇ ಹೆಜ್ಜೆಗೆ ಬಲಿ ತಲೆ ಕೊಟ್ಟದು, ವರ್ಷಕ್ಕೊಂದರಿ ಬಂದು ತನ್ನ ಭೂಮಿಯ ನೋಡಿಕ್ಕಿ ಹೋಪಲೆ ವರ ಸಿಕ್ಕಿದ್ದು. ಬಾದಾಮಿಯ ಮೂರನೇ ಗುಹೆಲಿ ಕಾಲು ಮೇಲಂಗೆ ನೆಗ್ಗಿ ನಿಂದ ತ್ರಿವಿಕ್ರಮನ ದೊಡ್ಡ ಮೂರ್ತಿ ಇದ್ದು. ಆ ಗುಹೆಯ ಶಾಸನದ ಕಾಲ ಕ್ರಿ.ಶ. 578. ರಾಜರು ಕಲ್ಲಿಲ್ಲಿ ಕೆತ್ತುಸಿದ್ದು ಗೆದ್ದವನ. ನಮ್ಮ ಜಾಲಿಲ್ಲಿ ಹೂಗು ಮಡುಗುದು ಸೋತವಂಗೆ. ಇದು ಎನಗೆ ಯಾವಗಳೂ ಸೋಜಿಗ.

ಸುಮಾರು 1030ರ ಹೊತ್ತಿಂಗೆ ಭಾರತದ ಬಗ್ಗೆ ದೊಡ್ಡ ಪುಸ್ತಕ ಬರೆದ ಅಲ್ ಬಿರೂನಿಯುದೇ ಈ ಹಬ್ಬದ ವಿಷಯ ಬರೆದ್ದ. ಪಾತಾಳಲ್ಲಿ ಸೆರೆಲಿಪ್ಪ ಬಲಿಯ ಈ ಒಂದು ದಿನ ಲಕ್ಷ್ಮಿ ಬಿಡುಗಡೆ ಮಾಡ್ತು, ಹಾಂಗಾಗಿ ಹಬ್ಬಕ್ಕೆ ಬಲಿರಾಜ್ಯ ಹೇಳಿ ಹೆಸರು ಹೇಳುದು ಅವನ ಮಾತು. ಬಿಡುಸುದು ಲಕ್ಷ್ಮಿ ಹೇಳುದು ಎನಗೆ ಭಾರೀ ಕೊಶಿ ಆತು. ಮನೆಲಿ ಕೋಪ ಮಾಡಿಗೊಂಡು ಕೂದವರ ಬಿಡುಸುದು ನಾವೇ ಅಲ್ಲದೋ, ಅಕ್ಕಂದ್ರೇ?

ಗಡಿ ದಾಂಟಿ ಕೇರಳಕ್ಕೆ ಹೋದರೆ ಇದೇ ಬಲಿ ಓಣಕ್ಕೆ ಬತ್ತ, ಸಿಂಹ ತಿಂಗಳಿಲ್ಲಿ. ನಮ್ಮ ತುಳುನಾಡಿಂಗೆ ಬಪ್ಪದು ದೀಪಾವಳಿಗೆ. ಅಷ್ಟಪ್ಪಗ ಏಣಿಲು ಬೆಳೆ ಕೊಯಿದು ಆವುತ್ತು, ಗೆದ್ದೆಲಿ ಕೂಳೆ ಮಾಂತ್ರ ಇಪ್ಪದು, ಸುಗ್ಗಿ ಬೆಳೆಗೆ ಹೂಡುಲೆ ಹೆರಡುವ ಹೊತ್ತು. ಮಕ್ಕೊ ಓಡಿರೆ ಪೈರು ಹಾಳಾವುತ್ತು ಹೇಳಿ ಬೈವಲೆ ಆರೂ ಇಲ್ಲೆ. ಬಲೀಂದ್ರ ಸರಿಯಾದ ಸಮಯ ನೋಡಿಯೇ ಬಪ್ಪದು ಹೇಳಿ ಎನಗೆ ಕಾಂಬದು.

ಅವನ ಮಾಡುದು ಹಾಲೆಮರಲ್ಲಿ. ಒಂದು ಕಂಬ, ಅಡ್ಡಕ್ಕೆ ಎರಡು ಕೈಯ ಹಾಂಗೆ ಸಲಕೆ, ಗೊಂಡೆಹೂಗಿನ ಮಾಲೆ, ತಲೆಲಿ ದೀಪ. ಆಟಿ ಅಮಾಸೆಗೆ ಉದಿಯಪ್ಪಗ ಹಸಿದ ಹೊಟ್ಟೆಗೆ ಕುಡಿವ ಕೈಕ್ಕೆ ಕಷಾಯವುದೇ ಇದೇ ಮರದ ಕೆತ್ತೆದು. ಆಟಿಲಿ ಮಕ್ಕೊ ಮೋರೆ ಹುಳಿ ಮಾಡುವ ಮರಕ್ಕೆ ದೀಪಾವಳಿಗೆ ಅವೇ ಮಾಲೆ ಹಾಕುತ್ತವು.

ಆನು ತೋಡಾರಿಂಗೆ ಮದುವೆ ಆಗಿ ಬಂದದು 1991ರಲ್ಲಿ. ಮೂಡುಬಿದಿರೆಂದ ಮಂಗ್ಳೂರಿಂಗೆ ಹೋಪ ಮಾರ್ಗಂದ ಒಳ ಇಳುದರೆ ಎಂಗಳ ಮನೆ. ಜಾಲಿಂದ ಕೆಳ ಬಾಕಿಮಾರು ಗೆದ್ದೆ. ಅಪ್ಪನ ಮನೆಲಿ ಎಂಗೊ ಸೂಟೆ ಹಿಡ್ಕೊಂಡು ಗೆದ್ದೆಗೆ ಇಳುದು, ಕೋಲಿಂಗೆ ಬಟ್ಟೆ ಸುತ್ತಿ ಎಣ್ಣೆಲಿ ಅದ್ದಿದ ನೆಣೆಯ ಒಂದೊಂದು ಗೆದ್ದೆಗೆ ಒಂದೊಂದು ಊರಿ, ಅವಲಕ್ಕಿ ಹೂಗು ಇಡ್ಕಿ, ಬಲೀಂದ್ರಾ ಹೇಳಿ ದಿನಿಗೇಳಿ, ಮೂರು ಸರ್ತಿ ಕೂ ಹಾಕಿಗೊಂಡು ಇತ್ತಿದ್ದೆಯೊ. ಇಲ್ಲಿ ಸುರುವಾಣ ದೀಪಾವಳಿಗೆ ನೋಡ್ತೆ, ಮಾವ ಜಾಲಿನ ಕರೆ ವರೆಗೆ ಹೋಗಿ ಅಲ್ಲಿಂದಲೇ ದಿನಿಗೇಳಿದವು. ಗೆದ್ದೆಗೆ ಇಳುದ್ದವಿಲ್ಲೆ. ರಜ ಹೊತ್ತಪ್ಪಗ ಕೆಳಂದ ಇನ್ನೊಂದು ಕೂ ಕೇಳಿತ್ತು, ಗೆದ್ದೆಲಿ ಒಂದೊಂದೇ ದೀಪ ಕಂಡತ್ತು. ಮಾವ ತಿರುಗಿ ನೋಡದ್ದೆ ಒಳ ಹೋದವು.

ಮರದಿನ ತೆಳ್ಳವು ಎರವಗ ಅತ್ತೆ ಮೆಲ್ಲಂಗೆ ಹೇಳಿದವು. ಬಾಕಿಮಾರು ಮದಲು ನಮ್ಮದೇ, ಆದರೆ ಗೇದೊಂಡಿದ್ದದು ಒಕ್ಕಲು, ಮೂರು ತಲೆಮಾರಿಂದ. ನಮ್ಮ ಜಿಲ್ಲೆಲಿ ಗೇಣಿಲಿ ಎರಡು ಬಗೆ ಇತ್ತಿದ್ದು. ಮೂಲಗೇಣಿ ಹೇಳಿರೆ ಖಾಯಂ, ಗೇಣಿಯೂ ನಿಘಂಟು. ಚಾಲಗೇಣಿ ಹೇಳಿರೆ ಧಣಿ ಬಿಡು ಹೇಳಿರೆ ಬಿಡೆಕ್ಕು. ಇವರದ್ದು ಚಾಲಗೇಣಿ. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಹೇಳಿ ಲೆಕ್ಕ. ಒಂದು ಮುಡಿ ಹೇಳಿರೆ ಮೂರು ಕಳಸೆ, 42 ಸೇರು. ಈಗಾಣ ಮಕ್ಕೊ ಮುಡಿಯ ನೋಡುದು ದೇವಸ್ಥಾನಲ್ಲಿ ಮಾಂತ್ರ. ಮಳೆ ಕಮ್ಮಿ ಆದರೂ ಹುಳು ಬಿದ್ದರೂ ಮುಡಿ ಬಂದೇ ಬರೆಕ್ಕು. ಅಳವಲೆ ಬಂದವು ಜಾಲಿಲ್ಲೇ ನಿಂಗು, ಜೆಗಿಲಿಗೆ ಹತ್ತವು.

ಮತ್ತೆ ಕಾನೂನು ಬಂತು. ಭೂಸುಧಾರಣೆ ಕಾಯಿದೆ 1961ರದ್ದು. ದೇವರಾಜ ಅರಸು ಮುಖ್ಯಮಂತ್ರಿ ಆಗಿಪ್ಪಗ ಅದಕ್ಕೆ ದೊಡ್ಡ ತಿದ್ದುಪಡಿ ಆಗಿ 1974 ಮಾರ್ಚ್ 1ಕ್ಕೆ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಎಲ್ಲ ಸರಕಾರಕ್ಕೆ. ಗೇಯುವ ಒಕ್ಕಲು 7ನೇ ನಂಬ್ರದ ಫಾರಂ ತುಂಬುಸಿ ಭೂನ್ಯಾಯ ಮಂಡಳಿಗೆ ಕೊಟ್ಟರೆ, ವಿಚಾರಣೆ ಆಗಿ ಜಾಗೆ ಅವರ ಹೆಸರಿಂಗೆ. ನಮ್ಮ ಊರಿಲ್ಲಿ ಇದರ ಡಿಕ್ಲರೇಶನ್ ಹೇಳಿಯೇ ಹೇಳುದು. ಒಕ್ಕಲು ಅರ್ಜಿ ಹಾಕಿದವು. ಮಾವನ ಅಪ್ಪ, ದೊಡ್ಡಜ್ಜ, ಅವು ನಮ್ಮವೇ ಹೇಳಿ ನಂಬಿದೋರು, ಒಂದು ಮಾತು ಕೇಳಿದ್ದವಿಲ್ಲೆನ್ನೆ ಹೇಳಿ ಕೊರಗಿದವು. ಡಿಕ್ಲರೇಶನ್ ಆದ ವರ್ಷಂದ ಎರಡು ಮನೆಗೂ ಮಾತಿಲ್ಲೆ. ಬಾವಿ ನೀರು, ಮದುವೆ, ಸಾವು ಯಾವದಕ್ಕೂ ಇಲ್ಲೆ. ಹಬ್ಬಕ್ಕೆ ಇಲ್ಲಿಂದ ಒಂದು ಕೂ, ಅಲ್ಲಿಂದ ಒಂದು ಕೂ.

ಸುಮಾರು ಸಮಯ ಆನು ಗ್ರೇಶಿಗೊಂಡಿತ್ತಿದ್ದದು, ದೊಡ್ಡಜ್ಜನೇ ಬಲಿ, ಭೂಮಿ ಹೋದ್ದು ಅವರದ್ದಲ್ಲದೋ ಹೇಳಿ. ಆದರೆ ಬಲಿ ಕೈಯಾರೆ ಧಾರೆ ಎರದು ಕೊಟ್ಟೋನು. ದೊಡ್ಡಜ್ಜ ಹಾಂಗೆ ಕೊಟ್ಟದಲ್ಲ. ಆ ಮನೆಯ ಸೊಸೆ, ಎನ್ನಂದ ಹದಿನೈದು ವರ್ಷ ದೊಡ್ಡ, ಮಳೆಗಾಲಲ್ಲಿ ಮೊಳಪ್ಪುವರೆಗೆ ಕೆಸರಿಲ್ಲಿ ನಿಂದು ನೇಜಿ ನೆಡುದರ ಅಡಿಗೆಕೋಣೆ ಕಿಟಿಕಿಂದ ಕಾಂಬಗೆಲ್ಲ ಎನ್ನ ಲೆಕ್ಕಾಚಾರ ತಪ್ಪಿಗೊಂಡು ಇತ್ತಿದ್ದು. ಇದರ ಮಾವನ ಹತ್ತರೆ ಹೇಳುವ ಧೈರ್ಯ ಎನಗೆ ಯಾವಗಳೂ ಬಯಿಂದಿಲ್ಲೆ.

1999ರ ದೀಪಾವಳಿ. ಎನ್ನ ಮಗಂಗೆ ಐದು ವರ್ಷ. ಕೆಳಂದ ಕೂ ಕೇಳಿದ್ದೇ, ಕೈಲಿದ್ದ ನಕ್ಷತ್ರಕಡ್ಡಿ ಹಿಡ್ಕೊಂಡೇ ಕಟ್ಟಪುಣಿಲಿ ಓಡಿದ. ಆನು ಹಿಂದಂದ ಓಡಿದೆ. ಕಸ್ತಲೆ, ಎಲ್ಲಿ ಗುಂಡಿ ಎಲ್ಲಿ ಹಾವು ಹೇಳಿ ಎನ್ನ ಎದೆ ಹೊಡಕ್ಕೊಂಡಿತ್ತು. ಎತ್ತುವಗ ನೋಡ್ತೆ, ಆ ಅಕ್ಕ ಇವನ ಕೈಗೆ ಒಂದು ನೆಣೆಕೋಲು ಕೊಟ್ಟು, ಕೈ ಹಿಡುದು ಗೆದ್ದೆಲಿ ಊರುಸಿಗೊಂಡಿದ್ದತ್ತು. ಅವರ ಮಕ್ಕಳೊಟ್ಟಿಂಗೆ ನಿಂದು ಇವನೂ ಕೂ ಹಾಕಿದ. ಆ ಸ್ವರ ಜಾಲಿಂಗೆ ಕೇಳದ್ದೆ ಇಕ್ಕೋ? ವಾಪಾಸು ಬಪ್ಪಗ ಮಗನ ಕೈಲಿ ಬಾಳೆಲೆಲಿ ಕಟ್ಟಿದ ದೋಸೆ ಇತ್ತಿದ್ದು. ಮಾವ ಎಂತ ಹೇಳುಗೋ ಹೇಳಿ ಹೆದರಿ ನಿಂದೆ. ಅವು ಪುಳ್ಳಿಯ ಕಾಲಿಂಗೆ ತಾಗಿದ ಮಣ್ಣಿನ ನೋಡಿ, "ತೊಳದು ಒಳ ಬಾ" ಹೇಳಿದವು. ಅಷ್ಟೆ. ಬಪ್ಪ ವರ್ಷ ಅವೇ ಕಟ್ಟಪುಣಿ ವರೆಗೆ ಬಂದವು. ಮಾತಾಡಿದ್ದವಿಲ್ಲೆ, ಆದರೆ ಕೂ ಹಾಕುವಗ ಎರಡು ಮನೆಯದ್ದುದೇ ಒಟ್ಟಿಂಗೆ ಆತು. ಮಾತು ಸುರುವಪ್ಪಲೆ ಮತ್ತೆಯೂ ಮೂರು ನಾಲ್ಕು ವರ್ಷ ಬೇಕಾತು. ಅದೂ ಎಂಗಳ ದನ ಕರು ಹಾಕುಲೆ ಕಷ್ಟಪಟ್ಟ ಇರುಳು.

ಈಗ ಮಾವ ಇಲ್ಲೆ, ಅತ್ತೆ ಇಲ್ಲೆ. ಆ ಅಕ್ಕಂಗೆ ಎಪ್ಪತ್ತು ದಾಂಟಿತ್ತು. ಮಕ್ಕೊ ಮುಂಬೈಲಿ, ದುಬೈಲಿ. ಬಾಕಿಮಾರಿನ ಅರ್ಧಕ್ಕೆ ಅಡಕ್ಕೆ ಸೆಸಿ ಹಾಕಿದ್ದವು, ಉಳುದ್ದು ಹಡಿಲು. ಒಂದು ಗೆದ್ದೆಯ ಮಾಂತ್ರ ಅಕ್ಕ ಹಾಂಗೇ ಮಡಿಕ್ಕೊಂಡಿದು, ದೀಪ ಊರುಲೆ ಜಾಗೆ ಬೇಡದೋ ಹೇಳಿ. ಹೆದ್ದಾರಿ 169 ಚತುಷ್ಪಥ ಅಪ್ಪಲೆ ಹೆರಟ ಮತ್ತೆ ಇಲ್ಲಿಯಾಣ ಜಾಗೆಗೆ ಕ್ರಯ ಏರಿದ್ದು. ಮಣ್ಣು ತುಂಬುಸಿ ಸೈಟು ಮಾಡಿ ಕೊಡುವ ಹೇಳಿ ಮಕ್ಕಳ ಆಲೋಚನೆ. ಅವರ ತಪ್ಪು ಹೇಳಿ ಆನು ಹೇಳುತ್ತಿಲ್ಲೆ. ಎಂಗಳ ಮೇಗಾಣ ಗೆದ್ದೆಗೆ ಮಣ್ಣು ಹಾಕಿ ತೋಟ ಮಾಡಿದ್ದು ಎಂಗಳೇ ಅಲ್ಲದೋ.

ಕಳುದ ದೀಪಾವಳಿಗೆ ಆ ಒಂದು ಗೆದ್ದೆಗೆ ಏಳು ಮಕ್ಕಳನ್ನೂ ಕರಕ್ಕೊಂಡು ಹೋದೆ. ಬೆಂಗ್ಳೂರಿನ ಮಕ್ಕೊಗೆ ಕೂಳೆಲಿ ನೆಡವಲೆ ಅರಡಿಯ, ಒಂದಕ್ಕೆ ಚೆರ್ಪು ಹುಗುದು ಹೋತು, ಒಂದು ಕೂಗಿತ್ತು. ಅಕ್ಕ ಕಟ್ಟಪುಣಿಲಿ ಪ್ಲಾಸ್ಟಿಕ್ ಕುರ್ಶಿ ಹಾಕುಸಿ ಕೂದಿತ್ತು. ಹನ್ನೊಂದು ನೆಣೆಕೋಲಿನ ಮಕ್ಕಳೇ ಊರಿದವು. ಪುಳ್ಳಿ ಬಿಟ್ಟತ್ತಿಲ್ಲೆ, ಎನ್ನತ್ರೆ ಕೇಳಿದ್ದರ ಅಕ್ಕನತ್ರೆಯೂ ಕೇಳಿತ್ತು, ಈ ಗೆದ್ದೆ ಆರದ್ದು ಹೇಳಿ. ಆನು ನೆಲ ನೋಡಿದೆ.

"ಇನಿ ಬಲೀಂದ್ರನವು" ಹೇಳಿತ್ತು ಅಕ್ಕ. ಇಂದು ಬಲೀಂದ್ರಂದು.

"ನಾಳಂಗೆ?" ಕೇಳಿತ್ತು ಪುಳ್ಳಿ. ಅಷ್ಟಪ್ಪಗ ಗಾಳಿ ಬಂದು ಕರೆಯ ಎರಡು ದೀಪ ನಂದಿತ್ತು, ಮಕ್ಕೊ ಎಲ್ಲ ಬೊಬ್ಬೆ ಹೊಡಕ್ಕೊಂಡು ಅತ್ಲಾಗಿ ಓಡಿದವು.