ರೇಂಜರ್ ಶಿಕ್ಷಣ (ಭಾರತ)

ಬಂಡೀಪುರ, ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನಗಳನ್ನು ಕಾಯಲು ಭಾರತದಲ್ಲಿ ಪ್ರತ್ಯೇಕ ಸೇವೆಯಿಲ್ಲ. ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿಗಳೇ, ಜನರ ಬಾಯಲ್ಲಿ ರೇಂಜರುಗಳು, ಅಲ್ಲಿಗೂ ಹೋಗುತ್ತಾರೆ. ಅವರ ಶಿಕ್ಷಣ ಮೊದಲಾದದ್ದು ಮಾತ್ರ ಪ್ರಾಣಿಗಳಿಗಾಗಿ ಅಲ್ಲ, ಮರಮಟ್ಟುಗಳಿಗಾಗಿ.

ರೈಲುಹಳಿಯ ಸ್ಲೀಪರುಗಳಿಗಾಗಿ ತೇಗ, ಸಾಲ ಮರಗಳು ಉರುಳುತ್ತಿದ್ದ ಕಾಲದಲ್ಲಿ, 1864ರಲ್ಲಿ, ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ಮೇಲಧಿಕಾರಿಗಳಾಗುವವರು ಫ್ರಾನ್ಸ್, ಜರ್ಮನಿಗಳಲ್ಲಿ ಕಲಿತು ಬಂದರು. ಕಾಡಿನಲ್ಲೇ ಇದ್ದು ಗಡಿ ಗುರುತಿಸಿ, ಮರ ಅಳೆದು, ಬೆಂಕಿ ತಡೆಯಬೇಕಾದ ಇಲ್ಲಿನ ಸಿಬ್ಬಂದಿಗಾಗಿ 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ಹುಟ್ಟಿತು. 1884ರಲ್ಲಿ ಭಾರತ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡು ಇಂಪೀರಿಯಲ್ ಅರಣ್ಯ ಶಾಲೆ ಎಂದು ಹೆಸರಿಟ್ಟಿತು. ರೇಂಜರುಗಳಿಗೆ ಇಂಗ್ಲಿಷಿನ ಪಾಠ, ಅವರ ಕೈಕೆಳಗಿನ ಫಾರೆಸ್ಟರುಗಳಿಗೆ ದೇಶಭಾಷೆಯ ಪಾಠ. ಆಳ್ವಿಕೆಯ ಮೇಲುಕೀಳು ತರಗತಿಯಲ್ಲೂ ಇತ್ತು.

ದಕ್ಷಿಣದವರಿಗಾಗಿ 1912ರಲ್ಲಿ ಕೊಯಮತ್ತೂರಿನಲ್ಲಿ ಮದ್ರಾಸ್ ಅರಣ್ಯ ಕಾಲೇಜು ಆರಂಭವಾಯಿತು. ಜಾಗದ ಆಯ್ಕೆ ಜಾಣತನದ್ದು: ಆನೆಮಲೆಯ ತೇಗದ ಕಾಡು, ನೀಲಗಿರಿಯ ಶೋಲಾ ಕಾಡು ಎರಡೂ ಹತ್ತಿರ. ಸರ್ವೆ, ಮರಗಳ ಅಳತೆ, ಅರಣ್ಯ ಕಾನೂನು, ರಸ್ತೆ ಮತ್ತು ಕಟ್ಟಡ ನಿರ್ಮಾಣ, ವರ್ಕಿಂಗ್ ಪ್ಲಾನ್ ಎಂಬ ಕಾಡಿನ ನಿರ್ವಹಣಾ ಯೋಜನೆ ಇವೆಲ್ಲ ಪಾಠಪಟ್ಟಿಯಲ್ಲಿದ್ದರೂ ಈ ಶಿಕ್ಷಣದ ಜೀವಾಳ ಪ್ರವಾಸ. ಡೇರೆ ಹಾಕಿ, ಕಾಡು ಸುತ್ತಿ, ಕಂಡದ್ದನ್ನು ಬರೆದಿಡುವ ಈ ರೂಢಿ ಇಂದಿಗೂ ತಪ್ಪಿಲ್ಲ.

ವನ್ಯಜೀವಿಗೆ ಇದರಲ್ಲಿ ಸರಿಯಾದ ಜಾಗ ಸಿಕ್ಕಿದ್ದು ತಡವಾಗಿ, ಅದೂ ಕಾನೂನಿನ ಒತ್ತಾಯದಿಂದ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರ ಹುಲಿ ಯೋಜನೆ ಬಂದ ಮೇಲೆ ಕಡಿಯಲು ಲೆಕ್ಕ ಹಾಕುವುದನ್ನು ಕಲಿತಿದ್ದವರೇ ಕಡಿಯದಂತೆ ಕಾಯಬೇಕಾಯಿತು. ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 1982ರಲ್ಲಿ ಡೆಹ್ರಾಡೂನಿನಲ್ಲೇ ಸ್ಥಾಪನೆಯಾದ ಭಾರತೀಯ ವನ್ಯಜೀವಿ ಸಂಸ್ಥೆ ಹಿರಿಯ ಅಧಿಕಾರಿಗಳಿಗೆ ಡಿಪ್ಲೊಮಾ, ರೇಂಜರುಗಳಿಗೆ ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸು ನಡೆಸತೊಡಗಿತು. ದೀರ್ಘಕಾಲದ ಅರಣ್ಯ ತರಬೇತಿಯ ಎದುರು ಈ ಮೂರು ತಿಂಗಳು ಕಡಿಮೆಯೇ.

ಕರ್ನಾಟಕದಲ್ಲಿ ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯಗಳು ನಾಲ್ಕು ವರ್ಷದ ಬಿ.ಎಸ್ಸಿ. ಅರಣ್ಯಶಾಸ್ತ್ರ ಪದವಿ ಕೊಡುತ್ತವೆ. ವಲಯ ಅರಣ್ಯಾಧಿಕಾರಿಗಳ ನೇರ ನೇಮಕಾತಿಯಲ್ಲಿ ಒಂದು ಪಾಲು ಈ ಪದವೀಧರರಿಗೆ ಮೀಸಲು. ಆ ಪಾಲು ಎಷ್ಟಿರಬೇಕೆಂಬ ಬಗ್ಗೆ ವಿದ್ಯಾರ್ಥಿಗಳು ಮುಷ್ಕರ ಹೂಡಿದ್ದೂ ಉಂಟು. ಪದವಿಯಿದ್ದ ಮಾತ್ರಕ್ಕೆ ರೇಂಜ್ ಕೈಗೆ ಬರುವುದಿಲ್ಲ. ಆಯ್ಕೆಯಾದವರು ಅರಣ್ಯ ಅಕಾಡೆಮಿಯ ತರಬೇತಿಯನ್ನೂ ಮುಗಿಸಬೇಕು. ರಾಜ್ಯದ ಅಕಾಡೆಮಿ ಇರುವುದು ಧಾರವಾಡದ ಗುಂಗರಗಟ್ಟಿಯಲ್ಲಿ.